ಗಿಲಕಿ ಎಣಿಸಿದರೆ ಹಾವಿನ ವಯಸ್ಸು ಗೊತ್ತಾಗುತ್ತದಾ?

ಪ್ರಶ್ನೆ: ರ‍್ಯಾಟಲ್‌ಸ್ನೇಕ್ (ಬಾಲ ಅಲ್ಲಾಡಿಸಿ ಸದ್ದು ಮಾಡುವ ಅಮೆರಿಕದ ವಿಷದ ಹಾವು) ಬಾಲದಲ್ಲಿ ಎಷ್ಟು ಗಿಲಕಿ ಇವೆಯೋ ಅದಕ್ಕೆ ಅಷ್ಟು ವರ್ಷ ಅಂತಾರೆ. ನಿಜವೇ?

ಉತ್ತರ: ಇಲ್ಲ. ಅದು ವರ್ಷದ ಲೆಕ್ಕವಲ್ಲ, ಪೊರೆ ಬಿಟ್ಟ ಲೆಕ್ಕ. ಅದೂ ಅರ್ಧಂಬರ್ಧ.

ಅಮೆರಿಕದ ಪೂರ್ವ ಭಾಗದ ಕಾಡುಗಳಲ್ಲಿರುವ ಟಿಂಬರ್ ರ‍್ಯಾಟಲ್‌ಸ್ನೇಕ್ ಅನ್ನೇ ನೋಡೋಣ. ಹುಟ್ಟಿದ ಮರಿಯ ಬಾಲದ ತುದಿಯಲ್ಲಿ ಸದ್ದೇ ಮಾಡದ ಒಂದು ಪುಟ್ಟ ಮೊಗ್ಗು ಇರುತ್ತದೆ. ಮೊದಲ ಸಲ ಪೊರೆ ಬಿಟ್ಟಾಗ ಅದು ಹೋಗಿ ಅಂಗಿಯ ಗುಂಡಿಯಂಥ ದುಂಡನೆಯ ತುಂಡು ಉಳಿಯುತ್ತದೆ, ಅದನ್ನು ಗುಂಡಿ ಅಂತಲೇ ಕರೆಯೋಣ. ಆಮೇಲೆ ಪೊರೆ ಬಿಟ್ಟಾಗಲೆಲ್ಲ ಬುಡದಲ್ಲಿ ಹೊಸ ತುಂಡೊಂದು ಸೇರುತ್ತಾ ಹೋಗುತ್ತದೆ. ನಮ್ಮ ಉಗುರಿನ ಹಾಗೆ ಇದೂ ಕೆರಾಟಿನ್‌ನದ್ದೇ. ಒಳಗೆ ಮಣಿ, ಕಲ್ಲು ಏನೂ ಇಲ್ಲ, ಬರೀ ಟೊಳ್ಳು. ಸಡಿಲವಾಗಿ ಸಿಕ್ಕಿಕೊಂಡಿರುವ ತುಂಡುಗಳು ಒಂದಕ್ಕೊಂದು ಬಡಿದೇ ಆ ಸದ್ದು ಬರುವುದು.

ಚೆನ್ನಾಗಿ ಮೇವು ಸಿಕ್ಕ ಹಾವು ವರ್ಷಕ್ಕೆ ಎರಡು ಸಲವೂ ಪೊರೆ ಬಿಡಬಹುದು. ಇತ್ತ ಬಂಡೆ ಸಂದಿನಲ್ಲಿ ಓಡಾಡುತ್ತಾ ತುದಿಯ ತುಂಡುಗಳು ಮುರಿದು ಬೀಳುತ್ತಲೇ ಇರುತ್ತವೆ. ತುದಿಯಲ್ಲಿ ಆ ಸಣ್ಣ ದುಂಡು ಗುಂಡಿ ಇನ್ನೂ ಇದ್ದರೆ ಏನೂ ಮುರಿದಿಲ್ಲ ಎಂದರ್ಥ. ಆಗ ವಯಸ್ಸನ್ನು ಒಂದು ಅಂದಾಜಿಗೆ ಹೇಳಬಹುದು. ಗುಂಡಿ ಹೋಗಿದ್ದರೆ ಎಣಿಸಿ ಪ್ರಯೋಜನವಿಲ್ಲ.

ಆದರೆ ಈ ಹಾವಿನ ವಿಷಯದಲ್ಲಿ ವಯಸ್ಸು ಮುಖ್ಯ ಅನ್ನೋದು ಮಾತ್ರ ಸುಳ್ಳಲ್ಲ. ಇದು 30 ವರ್ಷ ದಾಟಿಯೂ ಬದುಕಬಲ್ಲದು. ಚಳಿ ಜಾಸ್ತಿ ಇರುವ ಉತ್ತರದ ಬೆಟ್ಟಗಳಲ್ಲಿ ಹೆಣ್ಣು ಮೊದಲ ಸಲ ಮರಿ ಹಾಕುವ ಹೊತ್ತಿಗೆ ಅದಕ್ಕೆ 7ರಿಂದ 11 ವರ್ಷ. ನಮ್ಮ ಕೊಳಕುಮಂಡಲದಂತೆ ಇದೂ ಮೊಟ್ಟೆ ಇಡುವುದಿಲ್ಲ, ಮರಿಯನ್ನೇ ಹಾಕುತ್ತದೆ. ಮುಂದಿನ ಬಸಿರಿಗೆ ಮತ್ತೆ ಮೂರ್ನಾಲ್ಕು ವರ್ಷ ಬೇಕು. ಬಸಿರಾದಾಗ ಹೆಚ್ಚುಕಮ್ಮಿ ಊಟ ಬಿಟ್ಟು, ಬಯಲು ಬಂಡೆಗಳ ಮೇಲೆ ಬಿಸಿಲು ಕಾಯಿಸುತ್ತಾ ಬಿದ್ದಿರುತ್ತದೆ.

ಬಸಿರಿಲ್ಲದ ಹಾವುಗಳ ಬೇಟೆ ನೋಡಬೇಕು. ಬಿದ್ದ ಮರದ ದಿಮ್ಮಿ ಇಲಿಗಳಿಗೆ ಓಡಾಡುವ ದಾರಿ. ಹಾವು ಅದರ ಪಕ್ಕ ಸುರುಳಿ ಸುತ್ತಿ, ಗದ್ದವನ್ನು ದಿಮ್ಮಿಗೆ ಒರಗಿಸಿ, ಗಂಟೆಗಟ್ಟಲೆ ಸುಮ್ನೆ ಕಾಯುತ್ತದೆ. ಕಣ್ಣು ಮತ್ತು ಮೂಗಿನ ನಡುವೆ ಶಾಖ ಗ್ರಹಿಸುವ ಗುಳಿ ಇದೆ. ಪಶ್ಚಿಮ ಘಟ್ಟದ ಮಲಬಾರ್ ಗುಳಿಮಂಡಲಕ್ಕೂ ಇಂಥದ್ದೇ ಗುಳಿ ಇದೆ, ಎರಡೂ ಒಂದೇ ಬಳಗ. ಇಲಿ ಹತ್ತಿರ ಬಂದರೆ ಕಚ್ಚಿ ಬಿಟ್ಟುಬಿಡುತ್ತದೆ. ಆಮೇಲೆ ವಾಸನೆ ಹಿಡಿದು ಹೋಗಿ ನುಂಗುತ್ತದೆ.

ಅದರ ಮುಖ್ಯ ಆಹಾರಗಳಲ್ಲೊಂದಾದ ಬಿಳಿಪಾದದ ಇಲಿಯೇ ಅಲ್ಲಿ ಲೈಮ್ ಎಂಬ ಕಾಯಿಲೆಯ ರೋಗಾಣುವಿಗೆ ದೊಡ್ಡ ಆಸರೆ. ಇಲಿಯ ರಕ್ತ ಹೀರಿದ ಉಣುಗಿಗೆ ರೋಗಾಣು ಅಂಟುತ್ತದೆ, ಉಣುಗಿನಿಂದ ಮನುಷ್ಯರಿಗೆ. ಹಾವು ಇಲಿಯ ಜೊತೆಗೆ ಅದರ ಮೈಮೇಲಿನ ಉಣುಗನ್ನೂ ನುಂಗುತ್ತದೆ ಅಲ್ವಾ? ಹಾಗಂತ ಹಾವಿದ್ದ ಕಡೆ ಲೈಮ್ ರೋಗವೇ ಬರಲ್ಲ ಅನ್ನುವಷ್ಟು ದೂರ ನಾನು ಹೋಗುವುದಿಲ್ಲ.

ಇಂಥ ಹಾವನ್ನು ಕೊಂದವರಿಗೆ ನ್ಯೂಯಾರ್ಕ್ ರಾಜ್ಯದಲ್ಲಿ 1971ರವರೆಗೂ ಇನಾಮು ಸಿಗುತ್ತಿತ್ತು. ಕಾನೂನಿನ ರಕ್ಷಣೆ ಸಿಕ್ಕಿದ್ದು 1983ರಲ್ಲಿ. ಬಂಡೆ ಮೇಲೆ ಬಿದ್ದಿರುತ್ತಿದ್ದ ಬಸುರಿ ಹಾವುಗಳೇ ಸುಲಭವಾಗಿ ಕೈಗೆ ಸಿಗುತ್ತಿದ್ದವು. ಅಂಥ ಒಂದು ಹೋದರೆ ಅದರ ಜಾಗ ತುಂಬಲು ಹತ್ತು ವರ್ಷ ಬೇಕು. ಮೇನ್ ಮತ್ತು ರೋಡ್ ಐಲೆಂಡ್ ರಾಜ್ಯಗಳ ಕಾಡಿನಲ್ಲಂತೂ ಈಗ ಈ ಹಾವಿಲ್ಲ.