ಫಿನ್ಲೆಂಡ್ 1939–44: ಗಡಿ, ಹಿಟ್ಟು, ಗುಂಡು (ಮತ್ತೆ ಅಧ್ಯಕ್ಷ ರ್ಯೂಟಿ 1944ರಲ್ಲಿ ಹಿಟ್ಲರ್‌ಗೆ ಬರೆದ ಪತ್ರ ಯಾಕೆ ಅಷ್ಟು ಮುಖ್ಯ)

ನಮ್ಮ ವರ್ಲ್ಡ್ ಹಿಸ್ಟರಿ ನೋಟ್ಸಲ್ಲಿ ಫಿನ್ಲೆಂಡಿಗೆ ಸಿಗೋದು ಒಂದೋ ಎರಡೋ ಸಾಲು. ಆ ಎರಡು ಸಾಲೇ ತಲೆ ತಿನ್ನುತ್ತೆ. 1939ರಲ್ಲಿ ಸೋವಿಯತ್ ಜೊತೆ ಯುದ್ಧ, 1941ರಲ್ಲಿ ಜರ್ಮನಿ ಪಕ್ಕ ನಿಂತು ಮತ್ತೆ ಸೋವಿಯತ್ ಜೊತೆ ಯುದ್ಧ, 1944ರಲ್ಲಿ ಅದೇ ಜರ್ಮನಿ ಮೇಲೆ ಯುದ್ಧ. ಐದು ವರ್ಷದಲ್ಲಿ ಮೂರು ಯುದ್ಧ, ಜನಸಂಖ್ಯೆ ನೋಡಿದ್ರೆ ಬರೀ 37 ಲಕ್ಷ. ಗಾಳಿ ಬಂದ ಕಡೆ ತೂರಿಕೊಂಡ್ರು ಅಂತ ಬರೆದು ಮುಂದೆ ಹೋಗಬಹುದು, ತುಂಬಾ ಜನ ಹಾಗೇ ಮಾಡ್ತಾರೆ, ಆದ್ರೆ ಆಮೇಲೆ 'ಯಾಕೆ' ಅಂತ ಒಂದು ಪ್ರಶ್ನೆ ಬಂದ್ರೆ ಕೈಲಿ ಏನೂ ಇರಲ್ಲ.

ನನಗೆ ವರ್ಕ್ ಆದ ಶಾರ್ಟ್‌ಕಟ್ ಇದು. ಯಾವ ತಾರೀಖು ಬಂದ್ರೂ ಮೂರೇ ಪ್ರಶ್ನೆ ಕೇಳಿ: ಗಡೀಲಿ ಯಾರ ಸೈನ್ಯ ಇದೆ? ಹಿಟ್ಟು ಎಲ್ಲಿಂದ ಬರ್ತಿದೆ? ಗುಂಡು ಯಾರು ಕೊಡ್ತಾರೆ? ಗಡಿ-ಹಿಟ್ಟು-ಗುಂಡು. ಈ ಮೂರರ ಉತ್ತರ ಬದಲಾದಾಗೆಲ್ಲ ಹೆಲ್ಸಿಂಕಿಯ ತೀರ್ಮಾನಾನೂ ಬದಲಾಗಿದೆ. ಸಿದ್ಧಾಂತ, ಸ್ನೇಹ, ದ್ವೇಷ ಎಲ್ಲಾ ಇದ್ದೇ ಇತ್ತು, ಆದ್ರೆ ದಿಕ್ಕು ತೋರಿಸಿದ್ದು ಇವೇ ಮೂರು.

ಮೊದಲನೇ ಸಲ: 1939–40

1939ರ ಆಗಸ್ಟ್ 23ರ ಮೊಲೊಟೊವ್-ರಿಬ್ಬೆನ್‌ಟ್ರಾಪ್ ಒಪ್ಪಂದ (ಸೋವಿಯತ್, ಜರ್ಮನಿ ವಿದೇಶಾಂಗ ಮಂತ್ರಿಗಳು ಸಹಿ ಹಾಕಿದ ಅನಾಕ್ರಮಣ ಒಪ್ಪಂದ) ಎಲ್ಲರಿಗೂ ಗೊತ್ತಿರೋದೇ. ಅದರ ರಹಸ್ಯ ಭಾಗದಲ್ಲಿ ಫಿನ್ಲೆಂಡನ್ನ ಸೋವಿಯತ್ ಪಾಲಿಗೆ ಹಾಕಿದ್ರು. ಅಂದ್ರೆ ಜರ್ಮನಿ ಸಹಾಯಕ್ಕೆ ಬರಲ್ಲ ಅನ್ನೋದು ಮೊದಲೇ ಫಿಕ್ಸ್, ಆದ್ರೆ ಫಿನ್ನರಿಗೆ ಅದು ಗೊತ್ತಿಲ್ಲ.

ಅಕ್ಟೋಬರಲ್ಲಿ ಮಾಸ್ಕೋಗೆ ಕರೆ ಬಂತು, ಫಿನ್ಲೆಂಡ್ ಪರವಾಗಿ ಮಾತಾಡೋಕೆ ಪಾಸಿಕಿವಿ ಹೋದ್ರು, ಆಮೇಲೆ ಟ್ಯಾನರ್ ಕೂಡ ಜೊತೆಗೆ ಹೋದ್ರು. ಸ್ಟಾಲಿನ್ ವಾದ ಏನಂದ್ರೆ ಗಡಿ ಲೆನಿನ್‌ಗ್ರಾಡಿಂದ ಬರೀ 32 ಕಿಲೋಮೀಟರ್ ಆಸುಪಾಸಲ್ಲಿದೆ, ಊರನ್ನ ಎತ್ತಿ ಆಚೆ ಇಡಕ್ಕಾಗಲ್ಲ, ಅದಕ್ಕೆ ಗಡಿನೇ ಹಿಂದೆ ಸರೀಬೇಕು. ಕರೇಲಿಯಾ ಭೂಸಂಧಿಯ ಒಂದು ಪಟ್ಟಿ, ಫಿನ್ಲೆಂಡ್ ಕೊಲ್ಲಿಯ ಕೆಲವು ದ್ವೀಪ, ಹಾಂಕೊ ಬಂದರು 30 ವರ್ಷ ಲೀಸಿಗೆ. ಬದಲಿಗೆ ಪೂರ್ವ ಕರೇಲಿಯಾದಲ್ಲಿ ಸುಮಾರು ಎರಡರಷ್ಟು ಜಾಗ ಕೊಡ್ತೀವಿ ಅಂದ್ರು. ಲೆಕ್ಕದಲ್ಲಿ ಲಾಭ ಅನ್ಸುತ್ತೆ, ಆದ್ರೆ ಕೊಡೋ ಜಾಗದಲ್ಲೇ ಇವರ ರಕ್ಷಣಾ ಸಾಲು ಇತ್ತು, ಸಿಗೋದು ಕಾಡು. ಸೈನ್ಯದ ಹಿರಿಯ ಮ್ಯಾನರ್‌ಹೈಮ್ ಮಾತ್ರ ಸ್ವಲ್ಪ ಬಿಟ್ಟುಕೊಡಿ, ನಮ್ಮ ಹತ್ರ ಯುದ್ಧ ಮಾಡೋವಷ್ಟು ಸಾಮಾನಿಲ್ಲ ಅಂದ್ರು. ವಿದೇಶಾಂಗ ಮಂತ್ರಿ ಎರ್ಕೊ ಒಪ್ಪಲಿಲ್ಲ, ಸ್ಟಾಲಿನ್ ಸುಮ್ನೆ ಹೆದರಿಸ್ತಿದ್ದಾರೆ ಅನ್ನೋದು ಅವರ ಲೆಕ್ಕ. ನವೆಂಬರ್ 30ಕ್ಕೆ ಬಾಂಬ್ ಬಿತ್ತು.

ಯುದ್ಧದ ವಿವರ, ಸ್ಕೀ ಮೇಲೆ ಬಂದ ಸೈನಿಕರು, ಮೈನಸ್ ಚಳಿ, ಇದೆಲ್ಲ ಯೂಟ್ಯೂಬಲ್ಲಿ ಬೇಕಾದಷ್ಟಿದೆ, ಬಿಡ್ತೀನಿ. ನಮಗೆ ಬೇಕಾಗಿರೋದು 1940ರ ಫೆಬ್ರವರಿ-ಮಾರ್ಚ್. ಬ್ರಿಟನ್, ಫ್ರಾನ್ಸ್ ಎರಡೂ 'ಸೈನ್ಯ ಕಳಿಸ್ತೀವಿ, ನೀವು ಅಧಿಕೃತವಾಗಿ ಕೇಳಿ ಸಾಕು' ಅಂತಿದ್ದಾರೆ. ಕೇಳೋಕೆ ಚೆನ್ನಾಗಿದೆ. ಈಗ ಮ್ಯಾಪ್ ತೆಗೀರಿ. ಆ ಸೈನ್ಯ ಬರಬೇಕಾದ್ದು ನಾರ್ವೆಯ ನಾರ್ವಿಕ್ ಬಂದರಿಗೆ, ಅಲ್ಲಿಂದ ಸ್ವೀಡನ್ ದಾಟಿ. ಆ ದಾರೀಲೇ ಕಿರುನಾ, ಯೆಲ್ಲಿವಾರೆ ಕಬ್ಬಿಣದ ಗಣಿ, ಜರ್ಮನಿಗೆ ಅದಿರು ಹೋಗೋದು ಅಲ್ಲಿಂದ. ಕಳಿಸೋ ಸೈನ್ಯದಲ್ಲಿ ದೊಡ್ಡ ಪಾಲು ಗಣಿ ಹತ್ರಾನೇ ನಿಲ್ಲೋದು ಪ್ಲಾನ್. ನಾರ್ವೆ, ಸ್ವೀಡನ್ ಎರಡೂ ದಾರಿ ಕೊಡಲ್ಲ ಅಂದ್ವು. ಅಂದ್ರೆ ಗುಂಡಿನ ಪ್ರಶ್ನೆಗೆ ಉತ್ತರ: ಬಾಯಲ್ಲಿ ಕೊಡೋರು ಇದ್ದಾರೆ, ತಲುಪಿಸೋರು ಇಲ್ಲ.

ಆದ್ರೂ ಆ ಆಫರ್ ವೇಸ್ಟ್ ಆಗಲಿಲ್ಲ. ಬ್ರಿಟನ್-ಫ್ರಾನ್ಸ್ ಜೊತೆ ಯುದ್ಧಕ್ಕೆ ಎಳೆದುಕೊಳ್ಳೋದು ಸ್ಟಾಲಿನ್‌ಗೂ ಬೇಕಿರಲಿಲ್ಲ, ಫಿನ್ನರು ಆ ಆಫರನ್ನ ಸ್ವೀಕರಿಸದೆ ತಿರಸ್ಕರಿಸದೆ ಕೈಲಿ ಹಿಡ್ಕೊಂಡೇ ಸಂಧಿ ಮಾತಾಡಿದ್ರು. ಮಾರ್ಚ್ 12ಕ್ಕೆ ಸಹಿ, 13ಕ್ಕೆ ಯುದ್ಧ ನಿಂತಿತು, ಒಟ್ಟು 105 ದಿನ. ದೇಶದ ಸುಮಾರು ಹತ್ತನೇ ಒಂದು ಭಾಗ ಹೋಯ್ತು, ವೀಪುರಿ ನಗರ ಹೋಯ್ತು, ನಾಲ್ಕು ಲಕ್ಷಕ್ಕೂ ಹೆಚ್ಚು ಜನ ಮನೆ ಬಿಟ್ಟು ಬಂದ್ರು. ಅಧ್ಯಕ್ಷ ಕಲ್ಲಿಯೊ 'ಇಂಥ ಕಾಗದಕ್ಕೆ ಸಹಿ ಹಾಕೋ ಕೈ ಒಣಗಿಹೋಗಲಿ' ಅಂದಿದ್ರಂತೆ, ಅದೇ ವರ್ಷ ಅವರಿಗೆ ಪಾರ್ಶ್ವವಾಯು ಹೊಡೀತು. ಪರೀಕ್ಷೆಗೆ ಬೇಕಾಗಿಲ್ಲ, ಆದ್ರೆ ಮರೆಯಕ್ಕಾಗಲ್ಲ.

ನಡುವಿನ ಹದಿನೈದು ತಿಂಗಳು

ಎಲ್ಲರೂ ಸ್ಕಿಪ್ ಮಾಡೋ ಭಾಗ ಇದು, ಆದ್ರೆ 1941 ಅರ್ಥ ಆಗಬೇಕಂದ್ರೆ ಇಲ್ಲೇ ನೋಡಬೇಕು. 1940ರ ಏಪ್ರಿಲಲ್ಲಿ ಜರ್ಮನಿ ಡೆನ್ಮಾರ್ಕ್, ನಾರ್ವೆ ಹಿಡೀತು. ಪಶ್ಚಿಮದ ಸಮುದ್ರ ದಾರಿ ಹೆಚ್ಚುಕಮ್ಮಿ ಬಂದ್, ಉಳಿದಿದ್ದು ತೀರಾ ಉತ್ತರದ ಪೆಟ್ಸಾಮೊ ಬಂದರು ಒಂದೇ. ಜೂನಲ್ಲಿ ಎಸ್ಟೋನಿಯಾ, ಲಾಟ್ವಿಯಾ, ಲಿಥುವೇನಿಯಾ ಮೂರಕ್ಕೂ ಸೋವಿಯತ್ ಸೈನ್ಯ ನುಗ್ಗಿತು. ಈ ಮೂರೂ ದೇಶ 1939ರಲ್ಲಿ ನೆಲೆ ಕೊಡಿ ಅಂದಾಗ ಒಪ್ಪಿಕೊಂಡಿದ್ದವು ಅನ್ನೋದನ್ನ ಅಂಡರ್‌ಲೈನ್ ಮಾಡ್ಕೊಳ್ಳಿ, ಯಾಕಂದ್ರೆ ಹೆಲ್ಸಿಂಕೀಲಿ ಇದನ್ನ ಎಲ್ಲರೂ ನೋಡ್ತಾ ಕೂತಿದ್ರು. ಜೊತೆಗೆ ಪೆಟ್ಸಾಮೊ ನಿಕ್ಕಲ್ ಗಣಿ ನಮಗೆ ಕೊಡಿ, ಸಂಧಿಯಲ್ಲಿ ಲೀಸಿಗೆ ಹೋಗಿದ್ದ ಹಾಂಕೊಗೆ ನಮ್ಮ ರೈಲು ಬಿಡಿ ಅಂತ ಮಾಸ್ಕೋದಿಂದ ಒಂದಾದ ಮೇಲೊಂದು ಬೇಡಿಕೆ. ಸ್ವೀಡನ್ ಜೊತೆ ಒಂದಾಗೋಣ ಅನ್ನೋ ಯೋಚನೆ ಕೂಡ ಬಂತು, ಮಾಸ್ಕೋನೂ ಬೇಡ ಅಂತು, ಬರ್ಲಿನ್ನೂ ಬೇಡ ಅಂತು. ಎರಡೂ ಕಡೆಯವರು ಒಪ್ಪಿದ್ದು ಅದೊಂದೇ ವಿಷಯಕ್ಕೇನೋ.

ಸೆಪ್ಟೆಂಬರಲ್ಲಿ ಉತ್ತರ ನಾರ್ವೆಗೆ ಹೋಗೋ ಜರ್ಮನ್ ಸೈನಿಕರಿಗೆ ಫಿನ್ಲೆಂಡ್ ದಾರಿ ಬಿಟ್ಟುಕೊಡ್ತು, ಬದಲಿಗೆ ಆಯುಧ ಸಿಕ್ತು. ನವೆಂಬರಲ್ಲಿ ಮೊಲೊಟೊವ್ ಬರ್ಲಿನ್ನಿಗೆ ಹೋಗಿ ಫಿನ್ಲೆಂಡ್ ವಿಷಯ ಮುಗಿಸೋಕೆ ಬಿಡಿ ಅಂತ ಕೇಳಿದಾಗ ಹಿಟ್ಲರ್ ಒಪ್ಪಲಿಲ್ಲ. ಈಗ ಫಾರ್ಮುಲಾ ಹಾಕಿ: ಗಡೀಲಿ ಸೋವಿಯತ್, ಹಿಟ್ಟು ಜರ್ಮನಿ ಕಡೆಯಿಂದ, ಗುಂಡೂ ಜರ್ಮನಿ ಕಡೆಯಿಂದ. 1941ರ ಉತ್ತರ ಇಲ್ಲೇ ಬಂದುಬಿಡ್ತು.

1941: ಜೊತೆಗಿದ್ದಾರೆ, ಒಪ್ಪಂದ ಇಲ್ಲ

ಜೂನ್ 22ಕ್ಕೆ ಹಿಟ್ಲರ್ ರಷ್ಯಾ ಮೇಲೆ ಬಿದ್ದ, ಜೂನ್ 25ಕ್ಕೆ ಸೋವಿಯತ್ ವಿಮಾನ ಫಿನ್ಲೆಂಡ್ ಊರುಗಳ ಮೇಲೆ ಬಾಂಬ್ ಹಾಕಿದ್ವು, ಆಮೇಲೆ ಫಿನ್ಲೆಂಡ್ ಯುದ್ಧದಲ್ಲಿದ್ದೀವಿ ಅಂತು. ಪೇಪರ್ ಮೇಲೆ ಆತ್ಮರಕ್ಷಣೆ. ನಿಜಕ್ಕೂ ನೋಡಿದ್ರೆ 22ಕ್ಕೂ ಮುಂಚೆನೇ ಉತ್ತರ ಫಿನ್ಲೆಂಡಲ್ಲಿ ಜರ್ಮನ್ ಸೈನ್ಯ ಬಂದು ಕೂತಿತ್ತು, ಫಿನ್ಲೆಂಡ್ ಬಂದರಿಂದ ಜರ್ಮನ್ ಹಡಗು ಹೊರಟು ಸಮುದ್ರದಲ್ಲಿ ಮೈನ್ ಹಾಕ್ತಿದ್ವು. ಹಾಗಾಗಿ 'ಪಾಪ ಎಳೆದ್ಕೊಂಡು ಹೋದ್ರು' ಅಂತ ಬರೀಬೇಡಿ.

ಕಳೆದ ಜಾಗ ವಾಪಸ್ ತಗೊಂಡು ನಿಲ್ಲಲೂ ಇಲ್ಲ, ಹಳೇ ಗಡಿ ದಾಟಿ ಪೂರ್ವ ಕರೇಲಿಯಾಗೆ ಹೋದ್ರು, ಪೆಟ್ರೊಜಾವೊಡ್ಸ್ಕ್ ಹಿಡಿದ್ರು. ಅಲ್ಲಿನ ರಷ್ಯನ್ ನಾಗರಿಕರನ್ನ ಕ್ಯಾಂಪಿಗೆ ಹಾಕಿದ್ರು, ನಾಲ್ಕು ಸಾವಿರಕ್ಕೂ ಹೆಚ್ಚು ಜನ ಅಲ್ಲಿ ಸತ್ರು. ಚಿಕ್ಕ ದೇಶ ಅಂದಾಕ್ಷಣ ಸಿಂಪಥಿ ಕೊಡೋರು ಈ ಸಾಲನ್ನ ಬಿಟ್ಟುಬಿಡ್ತಾರೆ, ಬಿಡಬಾರದು. ಇನ್ನೊಂದು ಕಡೆ, ಲೆನಿನ್‌ಗ್ರಾಡ್ ಮೇಲೆ ನೇರ ದಾಳಿ ಮಾಡಿ ಅಂತ ಜರ್ಮನಿ ಕೇಳಿದಾಗ ಮ್ಯಾನರ್‌ಹೈಮ್ ಮಾಡಲಿಲ್ಲ (ಆದ್ರೂ ಮುತ್ತಿಗೆಯ ಉತ್ತರ ಭಾಗ ಮುಚ್ಚಿದ್ದು ಫಿನ್ನರೇ). ಅಮೆರಿಕದ ಸಾಮಾನು ಬರ್ತಿದ್ದ ಮುರ್ಮಾನ್ಸ್ಕ್ ರೈಲು ದಾರಿಯನ್ನ ಪೂರ್ತಿ ಕತ್ತರಿಸೋವರೆಗೂ ಹೋಗಲಿಲ್ಲ, ಅಮೆರಿಕ ಎಚ್ಚರಿಕೆ ಕೊಟ್ಟಿತ್ತು. 1941ರ ನವೆಂಬರ್ ಕೊನೇಲಿ ಚರ್ಚಿಲ್ ಮ್ಯಾನರ್‌ಹೈಮ್‌ಗೆ ಖಾಸಗಿ ಪತ್ರ ಬರೆದು ಸುಮ್ನೆ ನಿಂತುಬಿಡಿ, ಘೋಷಣೆ ಏನೂ ಬೇಡ ಅಂದ್ರು, ಆಗಲಿಲ್ಲ. ಡಿಸೆಂಬರ್ 6ಕ್ಕೆ ಬ್ರಿಟನ್ ಯುದ್ಧ ಘೋಷಿಸ್ತು, ಅದು ಫಿನ್ಲೆಂಡಿನ ಸ್ವಾತಂತ್ರ್ಯ ದಿನ. ಅಮೆರಿಕ ಮಾತ್ರ ಕೊನೆವರೆಗೂ ಘೋಷಿಸಲಿಲ್ಲ.

ಒಂದು ಪಾಯಿಂಟ್ ತಲೇಲಿ ಇಟ್ಕೊಳ್ಳಿ, ಮುಂದಿನ ಭಾಗಕ್ಕೆ ಬೇಕು: ಇಷ್ಟೆಲ್ಲ ಜೊತೆಗೆ ನಡೆದ್ರೂ ಜರ್ಮನಿ ಜೊತೆ ಮೈತ್ರಿ ಒಪ್ಪಂದಕ್ಕೆ ಫಿನ್ಲೆಂಡ್ ಸಹಿ ಹಾಕಿರಲಿಲ್ಲ. ಕಮಿಂಟರ್ನ್ (ಮಾಸ್ಕೋ ನಡೆಸ್ತಿದ್ದ ಅಂತರರಾಷ್ಟ್ರೀಯ ಕಮ್ಯುನಿಸ್ಟ್ ಸಂಘಟನೆ) ವಿರೋಧಿ ಒಪ್ಪಂದಕ್ಕೆ 1941ರ ನವೆಂಬರಲ್ಲಿ ಸೇರಿದ್ರು, ಆದ್ರೆ ಅದರಲ್ಲಿ 'ಒಬ್ಬರೇ ಸಂಧಿ ಮಾಡ್ಕೋಬಾರದು' ಅನ್ನೋ ಷರತ್ತು ಇರಲಿಲ್ಲ.

ರ್ಯೂಟಿ ಪತ್ರ, 26 ಜೂನ್ 1944 (ನಿಧಾನಕ್ಕೆ ಓದಿ)

ನನಗೆ ತಲೆ ಕೆಟ್ಟಿದ್ದು ಇಲ್ಲೇ. ಪುಸ್ತಕದಲ್ಲಿ 'ಜರ್ಮನಿ ಒಪ್ಪಿಗೆ ಇಲ್ಲದೆ ಸಂಧಿ ಮಾಡ್ಕೊಳ್ಳಲ್ಲ ಅಂತ ಅಧ್ಯಕ್ಷರು ಜೂನಲ್ಲಿ ಬರೆದುಕೊಟ್ಟರು' ಅಂತಿದೆ, ಮುಂದಿನ ಪ್ಯಾರಾದಲ್ಲೇ 'ಸೆಪ್ಟೆಂಬರಲ್ಲಿ ಸಂಧಿ ಆಯಿತು' ಅಂತಿದೆ. ಮಾತು ಮುರಿದ್ರಾ? ಇಲ್ಲ, ಮುರಿಯದೇ ಆಚೆ ಬಂದ್ರು. ಹೇಗೆ ಅನ್ನೋದನ್ನ ಹಂತ ಹಂತವಾಗಿ ನೋಡೋಣ.

1943ರ ಫೆಬ್ರವರಿಯಲ್ಲೇ, ಸ್ಟಾಲಿನ್‌ಗ್ರಾಡಲ್ಲಿ ಜರ್ಮನ್ ಸೈನ್ಯ ಸೋತ ಕೂಡಲೇ, ಜರ್ಮನಿ ಸೋಲುತ್ತೆ ಅಂತ ಫಿನ್ಲೆಂಡಿನ ಮುಖ್ಯಸ್ಥರು ತೀರ್ಮಾನಿಸಿ ಆಗಿತ್ತು. ಹೊರಗೆ ಬರೋದು ಹೇಗೆ? 1944ರ ವಸಂತದಲ್ಲಿ ಸೋವಿಯತ್ ಷರತ್ತು ಬಂತು, 60 ಕೋಟಿ ಡಾಲರ್ ಪರಿಹಾರ ಕೇಳಿದ್ರು, ಪಾರ್ಲಿಮೆಂಟ್ ಬೇಡ ಅಂತು. ಇವರು ಸಂಧಿ ಮಾತಾಡ್ತಿದ್ದಾರೆ ಅಂತ ಗೊತ್ತಾಗಿ ಹಿಟ್ಲರ್ ಧಾನ್ಯ, ಆಯುಧ ಎರಡೂ ಕಟ್ ಮಾಡಿದ. ಜೂನ್ 9ಕ್ಕೆ ಸೋವಿಯತ್ ಮಹಾದಾಳಿ ಶುರು, ಜೂನ್ 20ಕ್ಕೆ ವೀಪುರಿ ಮತ್ತೆ ಹೋಯ್ತು. ಟ್ಯಾಂಕ್ ನಿಲ್ಲಿಸೋ ಆಯುಧ ಸಾಕಷ್ಟಿಲ್ಲ. ಷರತ್ತೇನು ಅಂತ ಮಾಸ್ಕೋಗೆ ಕೇಳಿದ್ರು, 'ಶರಣಾಗಲು ಸಿದ್ಧ ಅಂತ ಸಹಿ ಹಾಕಿ ಕಳಿಸಿ' ಅನ್ನೋ ಉತ್ತರ ಬಂತು. ಅದೇ ಹೊತ್ತಿಗೆ ರಿಬ್ಬೆನ್‌ಟ್ರಾಪ್ ಹೆಲ್ಸಿಂಕಿಗೆ ಬಂದಿಳಿದ: ಗುಂಡು ಬೇಕಾ, ಹಾಗಾದ್ರೆ ಒಬ್ಬರೇ ಸಂಧಿ ಮಾಡ್ಕೊಳ್ಳಲ್ಲ ಅಂತ ಬರೆದುಕೊಡಿ. ಇಷ್ಟು ದಿನ ತಪ್ಪಿಸಿಕೊಂಡು ಬಂದಿದ್ದ ಅದೇ ಕಾಗದ.

ಜರ್ಮನಿಗೆ ಬೇಕಿದ್ದಿದ್ದು ಪಾರ್ಲಿಮೆಂಟ್ ಒಪ್ಪಿದ ಒಪ್ಪಂದ. ಪಾರ್ಲಿಮೆಂಟಲ್ಲಿ ಅದು ಪಾಸಾಗಲ್ಲ, ಪಾಸಾದ್ರೆ ದೇಶ ಸಿಕ್ಕಿಹಾಕಿಕೊಳ್ಳುತ್ತೆ. ಅದಕ್ಕೆ ಅಧ್ಯಕ್ಷ ರಿಸ್ಟೊ ರ್ಯೂಟಿ ಹಿಟ್ಲರ್‌ಗೆ ತಮ್ಮ ಹೆಸರಲ್ಲೇ ಒಂದು ಪತ್ರ ಬರೆದ್ರು. ಸಾರಾಂಶ ಇಷ್ಟೇ: ಅಧ್ಯಕ್ಷನಾಗಿ ನಾನು ಜರ್ಮನಿ ಒಪ್ಪಿಗೆ ಇಲ್ಲದೆ ಸಂಧಿ ಮಾಡಲ್ಲ, ನಾನು ನೇಮಿಸಿದ ಸರ್ಕಾರಕ್ಕೂ ಮಾಡೋಕೆ ಬಿಡಲ್ಲ. 'ನಾನು', 'ನಾನು ನೇಮಿಸಿದ'. ಪೂರ್ತಿ ಕೀಲಿ ಅಲ್ಲಿದೆ. ಕೂಡುಕುಟುಂಬದ ಯಜಮಾನ 'ನಾನಿರೋವರೆಗೂ ಆ ಗದ್ದೆ ಮಾರಲ್ಲ' ಅಂತ ಬಾಯಿಮಾತು ಕೊಡೋದಕ್ಕೂ, ಅಣ್ಣತಮ್ಮಂದಿರೆಲ್ಲ ಸೇರಿ ರಿಜಿಸ್ಟರ್ ಮಾಡಿಸಿಕೊಡೋದಕ್ಕೂ ಇರೋ ವ್ಯತ್ಯಾಸ ಇದು. ಯಜಮಾನಿಕೆ ಬದಲಾದ್ರೆ ಮಾತು ಹಳೇ ಯಜಮಾನನ ಜೊತೆ ಹೋಗುತ್ತೆ, ಗದ್ದೆ ಮನೇಲೇ ಉಳಿಯುತ್ತೆ.

ಹೋಗಿದ್ದೂ ಹಾಗೇ. ಟ್ಯಾಂಕ್ ಒಡೆಯೋ ಪಾಂಜರ್‌ಫೌಸ್ಟ್ ಬಂದ್ವು, ಕುಲ್ಮೈ ಅನ್ನೋ ಅಧಿಕಾರಿಯ ಕೈಕೆಳಗಿನ ಜರ್ಮನ್ ವಿಮಾನ ಪಡೆ (ಅದು ಪತ್ರಕ್ಕೂ ಮುಂಚೆನೇ ಬಂದಿತ್ತು) ಉಳೀತು, ವೀಪುರಿ ಹತ್ರದ ತಾಲಿ-ಇಹಂತಾಲಾದಲ್ಲಿ ಜುಲೈ ಮೊದಲ ವಾರಗಳಲ್ಲಿ ಸೋವಿಯತ್ ಮುನ್ನಡೆ ನಿಂತಿತು. ಸ್ಟಾಲಿನ್‌ಗೂ ಬರ್ಲಿನ್ ದಾರಿ ಮುಖ್ಯ ಆಗಿತ್ತು, ಸೈನ್ಯ ಆ ಕಡೆ ತಿರುಗಿಸಿದ್ರು. ಬೆಲೆಯೂ ಕೊಟ್ರು: ಪತ್ರದ ಸುದ್ದಿ ಕೇಳಿ ಅಮೆರಿಕ ಜೂನ್ 30ಕ್ಕೆ ರಾಜತಾಂತ್ರಿಕ ಸಂಬಂಧ ಕಡಿದುಕೊಳ್ತು. ಆಗಸ್ಟ್ 1ಕ್ಕೆ ರ್ಯೂಟಿ ರಾಜೀನಾಮೆ. ಆಗಸ್ಟ್ 4ಕ್ಕೆ ಮ್ಯಾನರ್‌ಹೈಮ್ ಅಧ್ಯಕ್ಷ. ಆಗಸ್ಟ್ 17ಕ್ಕೆ ಜರ್ಮನಿಯ ಸೇನಾ ಮುಖ್ಯಸ್ಥ ಕೈಟೆಲ್ ಬಂದಾಗ ಮ್ಯಾನರ್‌ಹೈಮ್ ಹೇಳಿದ್ದು, ಆ ಪತ್ರ ನನ್ನನ್ನ ಕಟ್ಟಿಹಾಕಲ್ಲ. ಸೆಪ್ಟೆಂಬರ್ 4ಕ್ಕೆ ಫಿನ್ನರು ಗುಂಡು ನಿಲ್ಲಿಸಿದ್ರು, 19ಕ್ಕೆ ಮಾಸ್ಕೋದಲ್ಲಿ ಕದನವಿರಾಮಕ್ಕೆ ಸಹಿ.

ಈ ತಾರೀಖುಗಳನ್ನ ಉರು ಹೊಡೆಯೋ ಬದಲು ಕ್ರಮ ನೆನಪಿಡಿ: ಪತ್ರ, ಗುಂಡು, ತಡೆ, ರಾಜೀನಾಮೆ, ಸಂಧಿ. ಒಂದು ಹಿಂದೆಮುಂದೆ ಆಗಿದ್ರೂ ಕಥೆ ಬೇರೆ.

ಮೂರನೇ ಯುದ್ಧ, ಚಿಕ್ಕದಾಗಿ

ಸಂಧಿ ಷರತ್ತು: 1940ರ ಗಡಿ, ಪೆಟ್ಸಾಮೊನೂ ಹೋಯ್ತು, ಹೆಲ್ಸಿಂಕಿ ಹತ್ರದ ಪೊರ್ಕಲಾ 50 ವರ್ಷ ಲೀಸು, 30 ಕೋಟಿ ಡಾಲರ್ ಮೌಲ್ಯದ ಸಾಮಾನು, ಜೊತೆಗೆ ದೇಶದಲ್ಲಿರೋ ಜರ್ಮನ್ನರನ್ನ ನೀವೇ ಓಡಿಸಬೇಕು. ಉತ್ತರದಲ್ಲಿ ಸುಮಾರು ಎರಡು ಲಕ್ಷ ಜರ್ಮನ್ ಸೈನಿಕರಿದ್ರು. ಮೊದಲು ಒಳಗೊಳಗೇ ಮಾತಾಡಿಕೊಂಡು ಅವರು ಹಿಂದೆ ಸರಿಯೋದು, ಇವರು ಹಿಂದೆನೇ ನಡೆಯೋದು ಅಂತ ನಡೀತು, ಸೋವಿಯತ್ ಒತ್ತಡ ಬಂದ ಮೇಲೆ ಅಕ್ಟೋಬರ್ 1ಕ್ಕೆ ಟೊರ್ನಿಯೊದಲ್ಲಿ ನಿಜವಾದ ಕಾದಾಟ. ಸಿಟ್ಟಾದ ಜರ್ಮನ್ನರು ಹೋಗ್ತಾ ರೊವಾನಿಯೆಮಿ ಊರು ಸೇರಿ ಉತ್ತರದ ಲ್ಯಾಪ್‌ಲ್ಯಾಂಡನ್ನ ಸುಟ್ಟುಹಾಕಿ ಹೋದ್ರು. ತಮಾಷೆ ಅಂದ್ರೆ ಅದೇ ಷರತ್ತಲ್ಲಿ ಫಿನ್ಲೆಂಡ್ ತನ್ನ ಸೈನಿಕರನ್ನ ಮನೆಗೂ ಕಳಿಸಬೇಕಿತ್ತು, ಯುದ್ಧ ಮಾಡ್ತಾ ಮಾಡ್ತಾನೇ.

ರ್ಯೂಟಿಗೆ ಏನಾಯ್ತು? ಯುದ್ಧದ ಹೊಣೆಗಾರರ ವಿಚಾರಣೆಗೆ ಅಂತಾನೇ ಹಿಂದಿನ ಕೃತ್ಯಗಳಿಗೂ ಅನ್ವಯ ಆಗೋ ಕಾನೂನು ಮಾಡಿ, 1946ರ ಫೆಬ್ರವರಿಯಲ್ಲಿ ಹತ್ತು ವರ್ಷ ಜೈಲು ಕೊಟ್ರು, 1949ರಲ್ಲಿ ಕ್ಷಮೆ ಸಿಕ್ತು. ನಮಗೆ ಸಂಬಂಧ ಇರೋ ಒಂದು ಫ್ಯಾಕ್ಟ್: 1947ರ ಫೆಬ್ರವರಿ 10ರ ಪ್ಯಾರಿಸ್ ಶಾಂತಿ ಒಪ್ಪಂದದಲ್ಲಿ ಫಿನ್ಲೆಂಡ್ ಎದುರು ಸಹಿ ಹಾಕಿದ ದೇಶಗಳಲ್ಲಿ ಭಾರತಾನೂ ಇದೆ, ಸ್ವಾತಂತ್ರ್ಯಕ್ಕೆ ಇನ್ನೂ ಆರು ತಿಂಗಳಿತ್ತು. ಎಂಸಿಕ್ಯೂಗೆ ಒಳ್ಳೇ ಸರಕು.

ಫಾರ್ಮುಲಾ ಎಲ್ಲಿ ಸಾಲಲ್ಲ

ಇದೇ ಗಡಿ-ಹಿಟ್ಟು-ಗುಂಡು ಹಂಗೇರಿಗೆ ಹಾಕಿ ನೋಡಿ. 1944ರ ಅಕ್ಟೋಬರ್ 15ಕ್ಕೆ ಅಲ್ಲಿನ ಆಡಳಿತಗಾರ ಹೊರ್ತಿ ಕೂಡ ರೇಡಿಯೋದಲ್ಲಿ ಕದನವಿರಾಮ ಅಂದ್ರು, ಮರುದಿನದೊಳಗೆ ಜರ್ಮನ್ನರು ಅವರನ್ನ ಇಳಿಸಿ ತಮ್ಮ ಕಡೆಯವರನ್ನ ಕೂರಿಸಿದ್ರು. ವ್ಯತ್ಯಾಸ ಎಲ್ಲಿದೆ? ಹಂಗೇರಿಗೆ ಜರ್ಮನ್ ಸೈನ್ಯ ಆ ವರ್ಷ ಮಾರ್ಚಲ್ಲೇ ನುಗ್ಗಿ ಬುಡಾಪೆಸ್ಟಲ್ಲೇ ಕೂತಿತ್ತು. ಫಿನ್ಲೆಂಡಲ್ಲಿ ಜರ್ಮನ್ ಸೈನ್ಯದ ಬಹುಪಾಲು ಲ್ಯಾಪ್‌ಲ್ಯಾಂಡಲ್ಲಿ, ಹೆಲ್ಸಿಂಕಿಯಿಂದ ನೂರಾರು ಕಿಲೋಮೀಟರ್ ದೂರ. ಹಾಗಾಗಿ ನಾಲ್ಕನೇ ಪ್ರಶ್ನೆ ಒಂದು ಸೇರಿಸ್ಕೊಳ್ಳಿ: ಗುಂಡು ಕೊಟ್ಟೋನ ಸೈನ್ಯ ರಾಜಧಾನಿಯಿಂದ ಎಷ್ಟು ದೂರ ಇದೆ? ರುಮೇನಿಯಾದ 1944ರ ಆಗಸ್ಟ್ 23ಕ್ಕೆ (ಅವತ್ತು ಅದು ಜರ್ಮನಿ ಪಕ್ಷ ಬಿಟ್ಟು ತಿರುಗಿತು) ಈ ನಾಲ್ಕೂ ಹಾಕಿ ನೀವೇ ಒಂದ್ಸಲ ಬರೆದು ನೋಡಿ, ಅಲ್ಲಿ ಉತ್ತರ ಇನ್ನೊಂದು ಥರ ಬರುತ್ತೆ.