ಮರಳು ಒಂದೇ, ಕಾಲ ಬೇರೆ: ಸೀಕ್ವೆನ್ಸ್ ಸ್ಟ್ರಾಟಿಗ್ರಫಿ ಟಿಪ್ಪಣಿ

ಐದಾರು ಕಿಲೋಮೀಟರ್ ಅಂತರದಲ್ಲಿ ಎರಡು ತೈಲಬಾವಿ ಕೊರೆದಿದ್ದಾರೆ ಅಂದುಕೊಳ್ಳಿ. ಎರಡರಲ್ಲೂ ಹೆಚ್ಚುಕಮ್ಮಿ ಒಂದೇ ಆಳದಲ್ಲಿ ಮರಳುಗಲ್ಲು ಸಿಕ್ಕಿದೆ. ಸುಮ್ನೆ ಒಂದು ಗೆರೆ ಎಳೆದು ಎರಡನ್ನೂ ಜೋಡಿಸಿಬಿಡೋಣ ಅನ್ನಿಸುತ್ತದೆ, ಅಲ್ವಾ? ಅದಕ್ಕೂ ಮುಂಚೆ ಕೇಳಬೇಕಾದ ಪ್ರಶ್ನೆ: ಈ ಎರಡು ಮರಳು ಒಂದೇ ಕಾಲದಲ್ಲಿ ಬಿದ್ದವೇ?

ಪದರಗಳನ್ನು ಹೀಗೆ ಕಾಲದ ಲೆಕ್ಕದಲ್ಲಿ ಜೋಡಿಸುವ ವಿಧಾನವೇ ಸೀಕ್ವೆನ್ಸ್ ಸ್ಟ್ರಾಟಿಗ್ರಫಿ. ಅದಕ್ಕೆ ಮೊದಲು ‘ಅಕಾಮೊಡೇಶನ್’ ಗಟ್ಟಿ ಮಾಡಿಕೊಳ್ಳಿ. ಹೂಳು ತುಂಬಲು ಇರುವ ಜಾಗ, ಅಷ್ಟೇ. ಸಮುದ್ರ ಏರಿದರೂ ಜಾಗ ಹೆಚ್ಚುತ್ತದೆ, ನೆಲ ತಗ್ಗಿದರೂ ಹೆಚ್ಚುತ್ತದೆ. ನದಿ ತರುವ ಹೂಳು ಈ ಜಾಗಕ್ಕಿಂತ ಜಾಸ್ತಿಯಾದರೆ ದಡ ಸಮುದ್ರದ ಕಡೆ ಸರಿಯುತ್ತದೆ. ಕಡಿಮೆಯಾದರೆ ಸಮುದ್ರ ಒಳನುಗ್ಗುತ್ತದೆ.

ಇದನ್ನು ಕಣ್ಣಾರೆ ನೋಡಬೇಕೆಂದರೆ ಅಮೆರಿಕದ ಯೂಟಾದಲ್ಲಿರುವ ಬುಕ್ ಕ್ಲಿಫ್ಸ್ ಬಂಡೆಸಾಲು. ತೈಲ ಕಂಪನಿಗಳು ತಮ್ಮ ಭೂವಿಜ್ಞಾನಿಗಳನ್ನು ತರಬೇತಿಗೆ ಕರೆದೊಯ್ಯುವ ಜಾಗ ಅದು. ಸುಮಾರು 8 ಕೋಟಿ ವರ್ಷಗಳ ಹಿಂದೆ ಅಲ್ಲಿ ಒಳನಾಡಿನ ಸಮುದ್ರವಿತ್ತು. ಪಶ್ಚಿಮದ ಬೆಟ್ಟಗಳಿಂದ ಬಂದ ಮರಳು ದಡದಲ್ಲಿ ಬೀಳುತ್ತಾ ಪೂರ್ವಕ್ಕೆ ಸಾಗಿತು. ಪೂರ್ವಕ್ಕೆ ಹೋದಂತೆ ಅದೇ ಮರಳು ತೆಳುವಾಗುತ್ತಾ ಮ್ಯಾಂಕೋಸ್ ಶೇಲ್ ಎಂಬ ಜೇಡಿಗಲ್ಲಿನಲ್ಲಿ ಕರಗಿಹೋಗುತ್ತದೆ.

ಅಲ್ಲಿನ ಬ್ಲ್ಯಾಕ್‌ಹಾಕ್ ಪದರಗಳಲ್ಲಿ ಕೆಳಗೆ ಜೇಡಿ, ಮೇಲೆ ಹೋದಂತೆ ದಪ್ಪ ಮರಳು. ಆಮೇಲೆ ದಿಢೀರ್ ಅಂತ ಮತ್ತೆ ಜೇಡಿ. ಹೀಗೆ ಮತ್ತೆ ಮತ್ತೆ. ಒಂದೊಂದು ಸುತ್ತು ಒಂದು ಪ್ಯಾರಾಸೀಕ್ವೆನ್ಸ್. ದಿಢೀರ್ ಬದಲಾಗುವ ಗೆರೆಯೇ ಫ್ಲಡಿಂಗ್ ಸರ್ಫೇಸ್, ಅಂದರೆ ನೀರು ಆಳವಾದ ಗುರುತು. ಬಾವಿಯ ಗಾಮಾ ಲಾಗ್‌ನಲ್ಲೂ (ಬಂಡೆಯ ಸಹಜ ವಿಕಿರಣದ ದಾಖಲೆ, ಜೇಡಿಯಲ್ಲಿ ಹೆಚ್ಚು, ಮರಳಿನಲ್ಲಿ ಕಡಿಮೆ) ಇದು ಕಾಣುತ್ತದೆ: ಮೇಲೆ ಹೋದಂತೆ ಅಳತೆ ಇಳಿಯುತ್ತದೆ, ಗೆರೆ ದಾಟಿದ ಕೂಡಲೇ ಏರುತ್ತದೆ.

ಹೀಗೆ ಪೂರ್ವಕ್ಕೆ ಬೆಳೆದ ಮರಳುಗಳು ಹೆಂಚಿನ ಹಾಗೆ ಒಂದರ ಮೇಲೊಂದು ವಾಲಿಕೊಂಡಿರುತ್ತವೆ. ದೂರದಿಂದ ಒಂದೇ ಹಾಳೆಯಂತೆ ಕಂಡರೂ ನಡುವೆ ತೆಳು ಜೇಡಿ ಪದರವಿರುತ್ತದೆ. ತೈಲ ಎಂಜಿನಿಯರ್‌ಗೆ ತಲೆನೋವು ತರುವುದು ಇದೇ. ತೈಲವನ್ನು ತಳ್ಳಲು ಒಂದು ಬಾವಿಗೆ ನೀರು ಒತ್ತಿದರೂ ಪಕ್ಕದ ಬಾವಿಯಲ್ಲಿ ಒತ್ತಡ ಏರದೇ ಇರಬಹುದು. ಆದ್ದರಿಂದ ಜೋಡಿಸಬೇಕಾದದ್ದು ಮರಳನ್ನಲ್ಲ, ಹೆಚ್ಚುಕಮ್ಮಿ ಒಂದೇ ಕಾಲದ ಗುರುತಾದ ಫ್ಲಡಿಂಗ್ ಸರ್ಫೇಸ್‌ಗಳನ್ನು.

ಸಿಸ್ಟಮ್ಸ್ ಟ್ರ್ಯಾಕ್ಟ್‌ಗಳನ್ನು, ಅಂದರೆ ಸಮುದ್ರದ ಏರಿಳಿತದ ಒಂದೊಂದು ಹಂತದಲ್ಲಿ ಬಿದ್ದ ಪದರಗಳ ಗುಂಪುಗಳನ್ನು, ಚುಟುಕಾಗಿ ನೋಡೋಣ. ಸಮುದ್ರ ಇಳಿದಾಗ ನದಿಯು ಸಮುದ್ರ ದಡದ ಅಂಚನ್ನು ಕೊರೆದು ಮರಳನ್ನು ಆಳ ನೀರಿಗೆ ತಳ್ಳುತ್ತದೆ: ಲೋಸ್ಟ್ಯಾಂಡ್. ಏರುವಾಗ ದಡ ಹಿಂದೆ ಸರಿಯುತ್ತದೆ: ಟ್ರಾನ್ಸ್‌ಗ್ರೆಸಿವ್. ಏರಿಕೆ ನಿಧಾನವಾಗಿ ಹೂಳು ಗೆದ್ದಾಗ ಹೈಸ್ಟ್ಯಾಂಡ್. ಕೊನೆಯ ಎರಡರ ನಡುವಿನ ಗಡಿ ಮ್ಯಾಕ್ಸಿಮಮ್ ಫ್ಲಡಿಂಗ್ ಸರ್ಫೇಸ್. ಅದರ ಸುತ್ತಲಿನ ಶೇಲ್‌ನಲ್ಲಿ ಜೈವಿಕ ಅಂಶ ಸಾಕಷ್ಟು ಉಳಿದಿದ್ದರೆ ಅದೇ ತೈಲ ಹುಟ್ಟುವ ಮೂಲ ಬಂಡೆ, ಇಲ್ಲದಿದ್ದರೂ ತೈಲ ಮೇಲೆ ಸೋರದಂತೆ ತಡೆಯುವ ಒಳ್ಳೆಯ ಮುಚ್ಚಳ. ಮೂರರಲ್ಲಿ ನನಗೆ ಹೆಚ್ಚು ಕುತೂಹಲ ಲೋಸ್ಟ್ಯಾಂಡ್ ಮೇಲೆ, ಯಾಕೆಂದರೆ ಮರಳು ದಡದಿಂದ ಅಷ್ಟು ದೂರ ಯಾಕೆ ಹೋಯಿತು ಅನ್ನುವುದಕ್ಕೆ ಅದು ಉತ್ತರ ಕೊಡುತ್ತದೆ.

ಇನ್ನೊಂದು ಎಚ್ಚರ. 1977ರಲ್ಲಿ ಎಕ್ಸಾನ್ ತೈಲ ಕಂಪನಿಯ ಪೀಟರ್ ವೇಲ್ ತಂಡ ಸೀಸ್ಮಿಕ್ ಚಿತ್ರಗಳಿಂದ (ನೆಲದೊಳಗೆ ಅಲೆ ಕಳಿಸಿ, ಪ್ರತಿಫಲಿಸಿ ಬಂದದ್ದರಿಂದ ಪಡೆದ ಪದರಗಳ ಚಿತ್ರ) ಇಡೀ ಜಗತ್ತಿನ ಸಮುದ್ರ ಮಟ್ಟದ ರೇಖೆಯನ್ನೇ ಬರೆಯಿತು. ಭೂವಿಜ್ಞಾನಿ ಆಂಡ್ರ್ಯೂ ಮಿಯಾಲ್ ಅಂಥವರು ಅದನ್ನು ಕಟುವಾಗಿ ಪ್ರಶ್ನಿಸಿದರು. ನೆಲ ಕುಸಿದರೂ, ಹೂಳಿನ ಪ್ರಮಾಣ ಬದಲಾದರೂ ಬಂಡೆಯಲ್ಲಿ ಅಂಥದ್ದೇ ಗುರುತು ಉಳಿಯಬಲ್ಲದು. ಹಾಗಾಗಿ ಉತ್ತರ ಬರೆಯುವಾಗ ಬರೀ ‘ಸಮುದ್ರ ಏರಿತು’ ಅಂತ ನಿಲ್ಲಿಸಬೇಡಿ. ‘ಸಾಪೇಕ್ಷ ಸಮುದ್ರ ಮಟ್ಟ ಏರಿತು’, ಅಂದರೆ ಅಲ್ಲಿನ ನೆಲಕ್ಕೆ ಹೋಲಿಸಿದರೆ ಏರಿತು, ಅಂತ ಬರೆಯಿರಿ.