ಬೇಸರ ಸಿನಿಮಾದ ಮೇಲೋ, ಅದರ ಸದ್ದಿನ ಮೇಲೋ?

ಅನಿಮೇಷನ್ ಸಿನಿಮಾಗಳ ಬಗ್ಗೆ ಬರೆಯುವವರಿಗೆ, ಪಾಠ ಹೇಳುವವರಿಗೆ ಒಂದು ಪ್ರಶ್ನೆ ತಪ್ಪದೆ ಬರುತ್ತಿರುತ್ತದೆ. ಸಿನಿಮಾದ ಹೆಸರು ಬದಲಾಗುತ್ತದೆ, ಪ್ರಶ್ನೆ ಬದಲಾಗುವುದಿಲ್ಲ: "ಅದರಲ್ಲಿ ಅಂಥದ್ದೇನಿದೆ ಸಾರ್? ಬರೀ ಹೈಪು." ಕೇಳುವವರು ಬಹುಪಾಲು ಅಪ್ಪ ಅಮ್ಮಂದಿರು. ಪೂರ್ತಿ ನೋಡಿದ್ದೀರಾ ಎಂದು ಕೇಳಿದರೆ "ನೋಡೋದೇನು ಬಂತು, ಮನೇಲಿ ದಿನಾ ಅದೇ ಅಲ್ವಾ" ಎನ್ನುತ್ತಾರೆ. ಪಕ್ಕದ ಕೋಣೆಯಿಂದ ಹಾಡು ಕೇಳಿಸಿಕೊಂಡಿದ್ದಾರೆ, ಪಾತ್ರಗಳನ್ನು ಚೀಲದ ಮೇಲೂ ಟೀ ಶರ್ಟ್ ಮೇಲೂ ನೋಡಿದ್ದಾರೆ. ಸಿನಿಮಾ ಎದುರು ಕುಳಿತು ಒಂದೂವರೆ ಗಂಟೆ ಕಳೆದಿಲ್ಲ. ತೀರ್ಪು ಮಾತ್ರ ಸಿದ್ಧ.

ಹಾಗೆಂದು ಓವರ್‌ರೇಟೆಡ್ ಸಿನಿಮಾಗಳೇ ಇಲ್ಲ ಎನ್ನುತ್ತಿಲ್ಲ. ಖಂಡಿತ ಇವೆ. ಆದರೆ ಆ ಮಾತು ಹೇಳುವವರು ಒಂದು ದೃಶ್ಯವನ್ನು ಬೊಟ್ಟುಮಾಡಿ ತೋರಿಸಬೇಕು. ಸಿನಿಮಾದ ಹೆಸರನ್ನೇ ಕೇಳಿರದವರಿಗೂ ಅದು ಎಡವಟ್ಟು ಅನ್ನಿಸಬೇಕು. ತೋರಿಸಿದರೆ ಅದು ವಿಮರ್ಶೆ. ತೋರಿಸಲಾಗದಿದ್ದರೆ ನೋಡುವವರ ದಣಿವು. ದಣಿವೂ ಸುಳ್ಳಲ್ಲ, ಆದರೆ ಅದರ ಲೆಕ್ಕವನ್ನು ಸಿನಿಮಾದ ಖಾತೆಗೆ ಬರೆಯುವುದು ನ್ಯಾಯವಲ್ಲ.

ಗೊಂದಲ ಶುರುವಾಗುವುದೇ ಅಂಕಿಗಳಿಂದ, ಅದರಲ್ಲೂ ಒಂದು ಅಂಕಿಯಿಂದ. ವಿಮರ್ಶೆಗಳನ್ನು ಒಟ್ಟುಗೂಡಿಸುವ ರಾಟನ್ ಟೊಮ್ಯಾಟೋಸ್ ತಾಣದ ಶೇಕಡಾವಾರು, ಅಂಕವಲ್ಲ. ಎಷ್ಟು ಸಲ ಹೇಳಿದರೂ ಸಾಲದು, ಆದ್ದರಿಂದ ಇನ್ನೊಮ್ಮೆ: ಶೇ 97 ಎಂದರೆ ನೂರಕ್ಕೆ 97 ಅಂಕ ಬಂತು ಎಂದಲ್ಲ. ನೂರು ವಿಮರ್ಶಕರಲ್ಲಿ 97 ಮಂದಿ "ಪರವಾಗಿಲ್ಲ, ನೋಡಬಹುದು" ಎಂದೋ ಅದಕ್ಕಿಂತ ಮೇಲಿನದೇನನ್ನೋ ಹೇಳಿದ್ದಾರೆ, ಅಷ್ಟೇ. ತಲೆದೂಗಿದವರು ಎಷ್ಟು ಜನ ಎಂಬುದು ಅಲ್ಲಿ ಸಿಗುತ್ತದೆ. ಎಷ್ಟು ಜೋರಾಗಿ ತಲೆದೂಗಿದರು ಎಂಬುದು ಸಿಗುವುದಿಲ್ಲ.

ಲೆಕ್ಕ ಹಾಕಿ ನೋಡಿ. ಹತ್ತು ವಿಮರ್ಶಕರಿದ್ದಾರೆ ಎಂದುಕೊಳ್ಳಿ. ಮೊದಲ ಸಿನಿಮಾಗೆ ಹತ್ತೂ ಮಂದಿ ಹತ್ತಕ್ಕೆ ಆರು ಅಂಕ ಕೊಟ್ಟರು. ಯಾರಿಗೂ ಅದು ಮೆಚ್ಚಿನ ಸಿನಿಮಾ ಅಲ್ಲ, ಯಾರಿಗೂ ಸಿಟ್ಟೂ ಬಂದಿಲ್ಲ. ಹತ್ತೂ ವಿಮರ್ಶೆಗಳು 'ಫ್ರೆಶ್' ಲೆಕ್ಕಕ್ಕೆ ಬಿದ್ದು ಶೇ 100 ಆಯಿತು. ಎರಡನೆಯ ಸಿನಿಮಾಗೆ ಏಳು ಮಂದಿ ಒಂಬತ್ತು ಕೊಟ್ಟರು, ಮೂವರು ನಾಲ್ಕು ಕೊಟ್ಟರು. ಅದಕ್ಕೆ ಶೇ 70. ಈಗ ಸರಾಸರಿ ತೆಗೆಯಿರಿ. ಮೊದಲನೆಯದಕ್ಕೆ 6, ಎರಡನೆಯದಕ್ಕೆ 7.5. ಪೋಸ್ಟರ್ ಮೇಲೆ ಅಚ್ಚಾಗುವುದು ಮಾತ್ರ ಆ 100.

ಕೌಟುಂಬಿಕ ಅನಿಮೇಷನ್‌ಗೆ ಈ ಲೆಕ್ಕ ಹುಟ್ಟಿನಿಂದಲೇ ಅನುಕೂಲಕರ. ದೊಡ್ಡ ಸ್ಟುಡಿಯೋಗಳಲ್ಲಿ ಇಂಥ ಸಿನಿಮಾ ಸಿದ್ಧವಾಗಲು ನಾಲ್ಕೈದು ವರ್ಷ ಹಿಡಿಯುತ್ತದೆ. ಅನಿಮೇಷನ್ ಶುರುವಾಗುವ ಮೊದಲೇ ಸ್ಟೋರಿಬೋರ್ಡ್ ಚಿತ್ರಗಳನ್ನು ಜೋಡಿಸಿ, ತಾತ್ಕಾಲಿಕ ಧ್ವನಿ ಕೊಟ್ಟು, ಇಡೀ ಕಥೆಯನ್ನು ಒಳಗಿನವರೇ ಹಲವು ಸಲ ಕುಳಿತು ನೋಡುತ್ತಾರೆ. ಹೊಂದದ ದೃಶ್ಯ ಅಲ್ಲೇ ಕತ್ತರಿಸಿಹೋಗುತ್ತದೆ. ಹಾಗಾಗಿ ತೀರಾ ಕೆಟ್ಟದ್ದು ಹೊರಬರುವುದು ಅಪರೂಪ. ತೀರಾ ಕೆಟ್ಟದ್ದಲ್ಲದ್ದಕ್ಕೆ ಶೇ 90 ಬೀಳುವುದು ಸುಲಭ. ಆ 90 ಅನ್ನು "ಅದ್ಭುತ" ಎಂದು ಓದಿಕೊಂಡು ಚಿತ್ರಮಂದಿರಕ್ಕೆ ಹೋದವರು "ಸುಮಾರಾಗಿದೆ" ಎನ್ನುತ್ತಾ ಹೊರಬಂದು, ವಿಮರ್ಶಕರೆಲ್ಲ ದುಡ್ಡು ತಿಂದಿದ್ದಾರೆ ಎನ್ನುತ್ತಾರೆ. ಆ ವಿಮರ್ಶಕರು ಹೇಳಿದ್ದೂ ಸುಮಾರಾಗಿದೆ ಎಂದೇ! ಶೇಕಡಾವಾರಿನ ಮೇಲೆ ಒತ್ತಿದರೆ ಸಾಮಾನ್ಯವಾಗಿ ಸರಾಸರಿ ಅಂಕವೂ ಕಾಣುತ್ತದೆ. ಅದನ್ನು ನೋಡಿ. ಬಿಡುಗಡೆಗೆ ಮುಂಚೆ ಬರುವ 'ಮೊದಲ ಪ್ರತಿಕ್ರಿಯೆ'ಗಳನ್ನು ಲೆಕ್ಕಕ್ಕೇ ಇಟ್ಟುಕೊಳ್ಳಬೇಡಿ. ಆಹ್ವಾನದ ಮೇಲೆ ನೋಡಿಬಂದವರ ಆ ಎರಡು ಸಾಲುಗಳಿಗೆ ಅನುಮತಿ ಮೊದಲು ಸಿಗುತ್ತದೆ, ಪೂರ್ತಿ ವಿಮರ್ಶೆಗೆ ಆಮೇಲೆ.

ಉಳಿದ ಅಂಕಿಗಳದೂ ಇಂಥದ್ದೇ ಕಥೆ, ಬೇಗ ಮುಗಿಸೋಣ. ಸಿನೆಮಾಸ್ಕೋರ್ ಎಂಬ ಪ್ರೇಕ್ಷಕ ಸಮೀಕ್ಷೆಯ ಗ್ರೇಡ್ ಬರುವುದು ಅಮೆರಿಕದಲ್ಲಿ ಬಿಡುಗಡೆಯ ದಿನವೇ ಟಿಕೆಟ್ ಕೊಂಡು ಬಂದವರಿಂದ. ಅವರು ಇಷ್ಟಪಡಲೆಂದೇ ಬಂದವರು. ಕೌಟುಂಬಿಕ ಅನಿಮೇಷನ್‌ಗೆ 'ಎ' ಬರುವುದು ಅಲ್ಲಿ ಮಾಮೂಲು. ಸ್ಟ್ರೀಮಿಂಗ್ ನಿಮಿಷಗಳ ಲೆಕ್ಕ ಇನ್ನೂ ಮೋಸದ್ದು. ಪ್ರೇಕ್ಷಕರ ಲೆಕ್ಕ ಇಡುವ ನೀಲ್ಸನ್ ಸಂಸ್ಥೆಯಂತೆ 2023ರಲ್ಲಿ ಅಮೆರಿಕದಲ್ಲಿ ಅತಿ ಹೆಚ್ಚು ಸ್ಟ್ರೀಮ್ ಆದ ಸಿನಿಮಾ 2016ರ 'ಮೊವಾನಾ': 1,160 ಕೋಟಿ ನಿಮಿಷ. 107 ನಿಮಿಷದ ಸಿನಿಮಾ, ಅಂದರೆ ಸುಮಾರು 10.8 ಕೋಟಿ ಸಲ ಪೂರ್ತಿ ಓಡಿದಷ್ಟು. ಆದರೆ ಒಂದೇ ಮಗು ನಲವತ್ತು ಸಲ ನೋಡಿದರೂ ಅಲ್ಲಿ ನಲವತ್ತು ಎಂದೇ ಲೆಕ್ಕ. ಎಷ್ಟು ಜನ ಮೆಚ್ಚಿದರು ಎಂಬುದು ಅದರಿಂದ ತಿಳಿಯುವುದಿಲ್ಲ.

ಹೈಪ್ ಎಷ್ಟು, ಬಾಯಿಮಾತು ಎಷ್ಟು ಎಂದು ಅಂದಾಜು ಮಾಡಲು ಒಂದು ಒರಟು ದಾರಿಯಿದೆ. ಒಂದು ದೇಶದ ಒಟ್ಟು ಗಳಿಕೆಯನ್ನು ಅಲ್ಲಿನ ಮೊದಲ ವಾರಾಂತ್ಯದ ಗಳಿಕೆಯಿಂದ ಭಾಗಿಸಿ. ಮೊದಲ ವಾರಾಂತ್ಯದಲ್ಲಿ ಜನರನ್ನು ಕರೆತರುವುದು ಪ್ರಚಾರ, ಆಮೇಲಿನದು ಹೆಚ್ಚಾಗಿ ನೋಡಿದವರ ಮಾತು. ಅಮೆರಿಕದಲ್ಲಿ 2015ರ 'ಮಿನಿಯನ್ಸ್' 11.57 ಕೋಟಿ ಡಾಲರ್‌ನಿಂದ ಶುರುವಾಗಿ 33.6 ಕೋಟಿಗೆ ನಿಂತಿತು, ಮೂರು ಪಟ್ಟಿಗೂ ತುಸು ಕಡಿಮೆ. 2023ರ 'ಎಲಿಮೆಂಟಲ್' ಬರೀ 2.96 ಕೋಟಿಯಿಂದ ಶುರುವಾಗಿ, ಸೋತೇಹೋಯಿತು ಎಂದು ಎಲ್ಲರಿಂದ ಬರೆಸಿಕೊಂಡು, 15.4 ಕೋಟಿ ಮುಟ್ಟಿತು, ಐದು ಪಟ್ಟಿಗೂ ಹೆಚ್ಚು. 2013ರ 'ಫ್ರೋಜನ್' 6.74 ಕೋಟಿಯಿಂದ 40 ಕೋಟಿಗೆ ಹೋಯಿತು, ಹತ್ತಿರ ಹತ್ತಿರ ಆರು ಪಟ್ಟು. ಇಲ್ಲಿ ಎಚ್ಚರ ಬೇಕು. 'ಫ್ರೋಜನ್' ರಜೆಯ ವಾರದ ಬುಧವಾರವೇ ಎಲ್ಲೆಡೆ ತೆರೆಕಂಡಿತ್ತು, ಆದ್ದರಿಂದ ಮೂರು ದಿನದ ಲೆಕ್ಕ ಅದನ್ನು ತುಸು ಉಬ್ಬಿಸಿ ತೋರಿಸುತ್ತದೆ. ಐದು ದಿನದ 9.36 ಕೋಟಿಯಿಂದ ಭಾಗಿಸಿದರೂ ನಾಲ್ಕು ಪಟ್ಟಿಗೆ ಕಡಿಮೆಯಿಲ್ಲ. ಬಿಡುಗಡೆಯಾದ ಎಷ್ಟೋ ವಾರಗಳ ಮೇಲೆ, 2014ರ ಜನವರಿಯ ಮೊದಲ ವಾರಾಂತ್ಯದಲ್ಲಿ, ಅದು ಅಲ್ಲಿ ಮೊದಲ ಸ್ಥಾನದಲ್ಲಿತ್ತು. ಇದು ಜಾಹೀರಾತಿನ ಕೈಲಿ ಆಗುವ ಕೆಲಸವಲ್ಲ.

"ಎಲ್ಲ ಮಾರ್ಕೆಟಿಂಗ್ ಕೈಚಳಕ" ಎನ್ನುವವರು ಘಟನೆಗಳ ಕ್ರಮವನ್ನೇ ತಿರುಗಾಮುರುಗಾ ಮಾಡುತ್ತಾರೆ. 2014ರಲ್ಲಿ 'ಫ್ರೋಜನ್'ನ ಎಲ್ಸಾಳ ಉಡುಪು, ಗೊಂಬೆ ಸಾಕಾಗದೆ ಅಂಗಡಿಗಳು ಪರದಾಡಿದವು. ಮೊದಲೇ ಹೊಸೆದ ಹೈಪ್ ಆಗಿದ್ದರೆ ಗೋದಾಮು ತುಂಬಿರುತ್ತಿತ್ತು. 2021ರ 'ಎನ್‌ಕಾಂಟೊ'ದಲ್ಲಿ ಬ್ರೂನೋ ಬಗೆಗಿನ ಹಾಡು ಮರುವರ್ಷ ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿ ಬಿಲ್‌ಬೋರ್ಡ್ ಹಾಟ್ 100ರ ತುದಿಗೇರಿತು. ಸ್ಟುಡಿಯೋ ಆಸ್ಕರ್‌ಗೆ ಕಳಿಸಿದ್ದು ಬೇರೆ ಹಾಡು! ಯಾವುದು ಹಿಡಿಸುತ್ತದೆ ಎಂದು ಮಾಡಿದವರಿಗೇ ಗೊತ್ತಿರಲಿಲ್ಲ. 2025ರ ಜೂನ್‌ನಲ್ಲಿ ನೆಟ್‌ಫ್ಲಿಕ್ಸ್‌ಗೆ ಬಂದ 'ಕೆಪಾಪ್ ಡೀಮನ್ ಹಂಟರ್ಸ್'ಗೂ ಹೀಗೇ ಆಯಿತು. ದೊಡ್ಡ ಆಟಿಕೆ ಕಂಪನಿಗಳ ಜೊತೆಗಿನ ಒಪ್ಪಂದ ಪ್ರಕಟವಾಗುವ ಹೊತ್ತಿಗೆ ಅಕ್ಟೋಬರ್ ಬಂದಿತ್ತು.

ಆಟಿಕೆಯ ವಿನ್ಯಾಸ, ಅಚ್ಚು, ಸ್ಟುಡಿಯೋ ಒಪ್ಪಿಗೆ, ತಯಾರಿ, ಸಾಗಣೆ ಎಲ್ಲ ಸೇರಿ ಒಂದರಿಂದ ಒಂದೂವರೆ ವರ್ಷ ಹಿಡಿಯುವುದುಂಟು. ಹಾಗಾಗಿ ನಿರೀಕ್ಷೆ ಮೀರಿ ಗೆದ್ದ ಸಿನಿಮಾದ ಸಾಮಾನಿನ ಮಹಾಪೂರ ಬರುವುದು ಪ್ರೀತಿಯ ಮೊದಲ ಅಲೆ ಇಳಿಯುವ ಹೊತ್ತಿಗೆ. ಆಗ ತಾನೇ ಸಿನಿಮಾ ನೋಡಲು ಕುಳಿತವರು ಪಾತ್ರಗಳನ್ನು ನೀರಿನ ಬಾಟಲಿಯ ಮೇಲೆ ಮೊದಲು ಪರಿಚಯ ಮಾಡಿಕೊಂಡಿರುತ್ತಾರೆ.

ಪದೇ ಪದೇ ಎದುರಾದದ್ದರ ಮೇಲೆ ಇಷ್ಟ ಹೆಚ್ಚುತ್ತದೆ ಎಂದು ಮನಶ್ಶಾಸ್ತ್ರಜ್ಞ ರಾಬರ್ಟ್ ಝಯಾನ್ಸ್ 1968ರಲ್ಲೇ ತೋರಿಸಿದ್ದರು. ಒಂದು ಹಂತ ದಾಟಿದರೆ ಅದೇ ಇಷ್ಟ ಇಳಿಯತೊಡಗುತ್ತದೆ ಎಂಬುದನ್ನು ನಂತರದ ಅಧ್ಯಯನಗಳು ಸೇರಿಸಿದವು. ಆ ಹಂತ ಎಲ್ಲರಿಗೂ ಒಂದೇ ಅಲ್ಲ. 1996ರಲ್ಲಿ ಶುರುವಾದ 'ಬ್ಲೂಸ್ ಕ್ಲೂಸ್' ಎಂಬ ಮಕ್ಕಳ ಕಾರ್ಯಕ್ರಮ ಒಂದೇ ಕಂತನ್ನು ಸತತ ಐದು ದಿನ ಪ್ರಸಾರ ಮಾಡುತ್ತಿತ್ತು, ಬೇಕೆಂದೇ. ಪುಟ್ಟ ಮಕ್ಕಳು ಮೊದಲ ದಿನ ಕಥೆ ಹಿಡಿಯಲು ಹೆಣಗುತ್ತಾರೆ. ದಿನ ಕಳೆದಂತೆ ಹೆಚ್ಚು ಅರ್ಥವಾಗುತ್ತದೆ, ಪರದೆಯ ಪ್ರಶ್ನೆಗೆ ಎದ್ದು ನಿಂತು ಉತ್ತರ ಕೂಗುತ್ತಾರೆ. ದೊಡ್ಡವರಿಗೆ ಮೊದಲ ಸಲವೇ ಎಲ್ಲ ತಿಳಿದಿರುತ್ತದೆ, ಉಳಿದ ಮೂವತ್ತೊಂಬತ್ತು ಸಲ ಬರೀ ಶಿಕ್ಷೆ. ಈ ಬೇಸರದ ಬಗ್ಗೆ ನನಗೆ ಪೂರ್ತಿ ಸಹಾನುಭೂತಿ ಇದೆ. ಅದನ್ನು ಅಭಿಪ್ರಾಯ ಎಂದು ಕರೆಯುವುದರ ಬಗ್ಗೆ ಮಾತ್ರ ತಕರಾರು.

ಅತಿ ಬಳಕೆ ಒಂದು ಸಿನಿಮಾಗೆ ಏನು ಮಾಡುತ್ತದೆ ಎಂದು ನೋಡಬೇಕಾದರೆ 'ಫ್ರೋಜನ್'ನ ಆ ಪ್ರಸಿದ್ಧ ಹಾಡು 'ಲೆಟ್ ಇಟ್ ಗೋ'ವನ್ನೇ ಹತ್ತಿರದಿಂದ ನೋಡಿ. ನಾಲ್ಕು ನಿಮಿಷವೂ ಇಲ್ಲ. ರಾತ್ರಿ, ಹಿಮದ ಬೆಟ್ಟ, ಒಬ್ಬಂಟಿ ಎಲ್ಸಾ. ಒಂದು ಕೈಗವಸನ್ನು ಆಗಲೇ ತಂಗಿ ಅನ್ನಾ ಕಿತ್ತುಕೊಂಡಿದ್ದಾಳೆ, ಇನ್ನೊಂದನ್ನು ಇವಳೇ ಗಾಳಿಗೆ ತೂರುತ್ತಾಳೆ. ಮೇಲುಹೊದಿಕೆ ಹಾರಿಹೋಗುತ್ತದೆ. ಕಮರಿಯ ಮೇಲೆ ಮಂಜಿನ ಮೆಟ್ಟಿಲು, ಕಾಲು ಅಪ್ಪಳಿಸಿದಲ್ಲಿ ಅರಮನೆ. ಕಿರೀಟ ಎಸೆದು, ಕೂದಲು ಬಿಚ್ಚಿ, ಹೊಸ ಉಡುಪಿನಲ್ಲಿ ಬೆಳಗಿನ ಬೆಳಕಿಗೆ ಬರುತ್ತಾಳೆ. ಕೊನೆಗೆ ನಮ್ಮ ಮುಖಕ್ಕೆ ಬಾಗಿಲು ಹಾಕಿಕೊಳ್ಳುತ್ತಾಳೆ. ಹಾಡಿನ ಕೊನೆಯ ಕ್ರಿಯೆ ಅದು. ತುಣುಕಾಗಿ ನೋಡಿದರೆ ಇದು ಗೆಲುವಿನ ಹಾಡು. ಕಥೆಯೊಳಗೆ ನೋಡಿದರೆ, ಕೆಳಗೆ ಇಡೀ ರಾಜ್ಯ ಹೆಪ್ಪುಗಟ್ಟಿದ್ದು ತಿಳಿಯದೆ ಒಬ್ಬಳು ತನ್ನನ್ನೇ ಕೂಡಿಹಾಕಿಕೊಳ್ಳುತ್ತಿದ್ದಾಳೆ. ಮೊದಲ ಕರಡುಗಳಲ್ಲಿ ಎಲ್ಸಾ ಖಳನಾಯಕಿ. ಈ ಹಾಡು ಬಂದಮೇಲೆ ಕಥೆಯನ್ನೇ ತಿದ್ದಿ ಬರೆದರು. ಅಂಥ ಕೀಲನ್ನು ಕಿತ್ತು ಸಾವಿರ ಕಡೆ ಒಂಟಿಯಾಗಿ ನುಡಿಸಿದರೆ ಅರ್ಧ ಅರ್ಥ ಉದುರಿಹೋಗುತ್ತದೆ. ಉಳಿಯುವುದು ಹುಮ್ಮಸ್ಸು ಮಾತ್ರ, ಆ ಹುಮ್ಮಸ್ಸೇ ಆಮೇಲೆ ಕಿರಿಕಿರಿ.

ಈಗ ಅದೇ ಸಿನಿಮಾದ ನಿಜವಾದ ದೋಷ. ರಾಜಕುಮಾರ ಹಾನ್ಸ್ ಕೊನೆಗೆ ಮೋಸಗಾರನಾಗಿ ಹೊರಬೀಳುತ್ತಾನೆ. ತಿರುವು ಚೆನ್ನಾಗಿದೆ, ಆದರೆ ಮೊದಲ ಭೇಟಿಯ ದೃಶ್ಯವನ್ನು ಮತ್ತೆ ನೋಡಿ. ಅನ್ನಾ ಓಡಿಹೋದ ಮೇಲೆ, ದೋಣಿಯೊಂದಿಗೆ ನೀರಿಗೆ ಬಿದ್ದ ಹಾನ್ಸ್ ಅವಳು ಹೋದ ದಿಕ್ಕಿಗೆ ನೋಡುತ್ತಾ ಮನಸಾರೆ ನಗುತ್ತಾನೆ. ಅಲ್ಲಿ ಅವನನ್ನು ನೋಡುವವರು ಯಾರೂ ಇಲ್ಲ, ನಟಿಸುವ ಅಗತ್ಯವೂ ಇಲ್ಲ. ಆ ನಗು ಅನ್ನಾಗಾಗಿ ಅಲ್ಲ, ಪ್ರೇಕ್ಷಕರನ್ನು ದಾರಿ ತಪ್ಪಿಸಲು ಮಾತ್ರ ಇದೆ. ಅವನ ಸಂಚೆಲ್ಲ ಮುಂದೆ ಒಂದೇ ಉಸಿರಿನ ಭಾಷಣದಲ್ಲಿ ಹೊರಬರುತ್ತದೆ. ಇದನ್ನು ಹೇಳಲು ಯಾವ ಗೊಂಬೆಯ ಮೇಲೂ ಸಿಟ್ಟಾಗಬೇಕಿಲ್ಲ. ಇಷ್ಟಾದರೂ ಅದು ಒಳ್ಳೆಯ ಸಿನಿಮಾ ಎಂದೇ ನನ್ನ ಎಣಿಕೆ. ಬೇರೆಯವರು ಬೇರೆ ಹೇಳಬಹುದು, ಇದೇ ದೃಶ್ಯ ಹಿಡಿದು ಹೇಳಲಿ.

ಅತಿಪ್ರಚಾರದಿಂದ ನಿಜಕ್ಕೂ ಪೆಟ್ಟು ಬೀಳುವುದು ಹೆಚ್ಚಾಗಿ ಮುಂದಿನ ಸಿನಿಮಾಗೆ. 2017ರಲ್ಲಿ 'ಕೊಕೊ' ನೋಡಲು ಬಂದವರು ಮೊದಲು 21 ನಿಮಿಷ 'ಫ್ರೋಜನ್'ನ ಹಿಮಗೊಂಬೆ ಓಲಾಫ್‌ನ ಕಿರುಚಿತ್ರ ನೋಡಬೇಕಾಯಿತು. ಟಿವಿಗೆಂದು ಮಾಡಿದ್ದು ಅದು. ಗೊಣಗಾಟ ಜೋರಾಯಿತು, ಕೆಲವೇ ವಾರಗಳಲ್ಲಿ ಅದನ್ನು ತೆಗೆದುಹಾಕಿದರು. ಇನ್ನೊಂದು ಪೆಟ್ಟು ಅನುಕರಣೆಯದು. 2001ರ 'ಶ್ರೆಕ್' ಅನಿಮೇಷನ್ ಚಿತ್ರಗಳಿಗೆಂದೇ ಆರಂಭವಾದ ಆಸ್ಕರ್ ಅನ್ನು ಮೊದಲು ಗೆದ್ದ ಸಿನಿಮಾ. ಕಾಲ್ಪನಿಕ ಕಥೆಗಳ ಅಣಕ, ಪಾಪ್ ಹಾಡು, ತಾರೆಯರ ಧ್ವನಿ, ಕೊನೆಗೆ ಎಲ್ಲರ ಕುಣಿತ, ಇದನ್ನು ಹತ್ತು ವರ್ಷ ಎಲ್ಲರೂ ಎತ್ತಿಕೊಂಡರು. ಇವತ್ತು ಮೊದಲ ಸಲ ನೋಡುವವರಿಗೆ ಅಸಲು ಪ್ರತಿಯೇ ನಕಲಿನಂತೆ ಕಾಣುತ್ತದೆ.

ಹಳೆಯ ಕ್ಲಾಸಿಕ್‌ಗಳ ಕಡೆ ಬೊಟ್ಟುಮಾಡಿ "ಅವು ನೋಡಿ ಸಾರ್" ಎನ್ನುವವರಿಗೂ ಒಂದು ಮಾತು. 1937ರ 'ಸ್ನೋ ವೈಟ್' ಅನ್ನು ಡಿಸ್ನಿ 1944ರಲ್ಲಿ ಮತ್ತೆ ಬಿಡುಗಡೆ ಮಾಡಿತು. ಅಲ್ಲಿಂದ ಮುಂದೆ ದಶಕಗಳ ಕಾಲ ತನ್ನ ಸಿನಿಮಾಗಳನ್ನು ಸುಮಾರು ಏಳು ವರ್ಷಕ್ಕೊಮ್ಮೆ ಹೊರತೆಗೆದು ಮತ್ತೆ ಬೀಗ ಹಾಕುವುದು ಅದರ ಪದ್ಧತಿಯಾಯಿತು. ನಡುವೆ ಬೇಕೆಂದರೂ ಸಿಗುತ್ತಿರಲಿಲ್ಲ. ಬೇಸರವಾಗುವಷ್ಟು ಸಲ ನೋಡುವ ದಾರಿಯೇ ಇಲ್ಲದಿದ್ದಾಗ ನೆನಪು ತಾನಾಗಿಯೇ ಹೊಳಪೇರುತ್ತದೆ. ಆ ಸಿನಿಮಾಗಳು ಚೆನ್ನಾಗಿಲ್ಲ ಎಂದಲ್ಲ, ಅವುಗಳ ಕೀರ್ತಿಯಲ್ಲಿ ಬೀಗದ ಪಾಲೂ ಇದೆ.

ತೀರ್ಪು ಕೊಡಲೇಬೇಕು ಎನ್ನುವವರು ಹೀಗೆ ಮಾಡಿ. ಹಾಡು, ಆಟಿಕೆಗಳ ಗದ್ದಲ ಇಳಿದು ಒಂದೆರಡು ವರ್ಷವಾಗಲಿ. ದೊಡ್ಡ ಪರದೆ, ಪೂರ್ತಿ ಸಿನಿಮಾ, ಮಧ್ಯೆ ಫೋನ್ ಬೇಡ. ಯಾವುದಾದರೂ ಹತ್ತು ನಿಮಿಷ ಧ್ವನಿ ಆರಿಸಿ ನೋಡಿ, ಪಾತ್ರಕ್ಕೆ ಏನು ಬೇಕಾಗಿದೆ ಎಂದು ಮುಖ ಮತ್ತು ಮೈಯ ಚಲನೆಯಿಂದ ತಿಳಿಯುತ್ತದೆಯೇ ಗಮನಿಸಿ. ಬೇಸರ ಬಂದ ಕ್ಷಣದಲ್ಲಿ ನಿಲ್ಲಿಸಿ ಸಮಯ ಬರೆದಿಟ್ಟುಕೊಳ್ಳಿ, ಆ ದೃಶ್ಯದಲ್ಲಿ ಏನು ಕೆಟ್ಟಿದೆ ಎಂದು ಒಂದು ಸಾಲು. ಎರಡು ಮೂರು ಸಾಲು ಕೂಡಿದರೆ ನಿಮ್ಮ ತಕರಾರಿಗೆ ಬೆಲೆ ಬಂತು. ಮಗುವನ್ನು ಮಾತ್ರ ಪಕ್ಕದಲ್ಲಿ ಕೂರಿಸಿಕೊಳ್ಳಬೇಡಿ. ಪ್ರತಿಯೊಂದು ಮಾತನ್ನೂ ಪಾತ್ರಕ್ಕಿಂತ ಅರ್ಧ ಸೆಕೆಂಡ್ ಮೊದಲು ಅದೇ ಹೇಳಿಬಿಡುತ್ತದೆ.